ದಾವಣಗೆರೆ–ಹರಿಹರಗಳ ಹೊಗೆಗೂಡುಗಳು

ಅಗ್ನಿಗೆ ನಮ್ಮ ಪೂರ್ವಿಕರು ಇಟ್ಟಿರುವ ಹೆಸರುಗಳು ಅನೇಕ. ಅವುಗಳಲ್ಲಿ ಧೂಮಕೇತುವೆಂಬುದೊಂದು, ಕೃಷ್ಣವರ್ತ್ಮನೆಂಬುದು ಮತ್ತೊಂದು. ಹೊಗೆಯನ್ನೇ ಬಾವುಟವಾಗಿ ಉಳ್ಳವನು ಎಂದು ಮೊದಲನೆಯದರ ಅರ್ಥ. ಯಾವನು ನಡೆದ ದಾರಿ ಕಪ್ಪಾಗುವುದೋ ಅವನು ಎಂದು ಎರಡನೆಯದರ ಅರ್ಥ. ಬಾವುಟವು ಆಕಾಶದಲ್ಲಿ ಹಾರುವುದನ್ನು ದೂರದಿಂದ ನೋಡುವವರಿಗೆ ಮೊದಲನೆಯ ಹೆಸರು ಸೊಗಸು. ಕಪ್ಪಾದ ಗೋಡೆಯನ್ನು ವರುಷ ವರುಷವೂ ತಿಕ್ಕಿ ಸಾರಿಸಬೇಕಾದ ಗೃಹಿಣಿಗೆ ಎರಡನೆಯ ಹೆಸರೇ ನಿಜ.

ತರ್ಕಶಾಸ್ತ್ರವನ್ನು ಓದತೊಡಗುವ ಬಾಲಕನಿಗೆ ಮೊದಲು ಎದುರಾಗುವ ದೃಷ್ಟಾಂತವೂ ಹೊಗೆಯದೇ ಆಗಿದೆ. ಬೆಟ್ಟದ ಮೇಲೆ ಹೊಗೆ ಕಂಡಿತು, ಆದಕಾರಣ ಅಲ್ಲಿ ಬೆಂಕಿಯುಂಟು. ಹೊಗೆಯಿದ್ದಲ್ಲಿ ಬೆಂಕಿಯಿರುವುದನ್ನು ಅಡಿಗೆಮನೆಯಲ್ಲಿ ಎಲ್ಲರೂ ಕಂಡಿದ್ದಾರೆ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಲೇಬೇಕೆಂಬ ನಿಯಮವಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲವೆಂದು ಅದೇ ಶಾಸ್ತ್ರವು ಒಡನೆಯೇ ತಿಳಿಸುತ್ತದೆ. ಹಾಗಾದರೆ ಹೊಗೆಯಿಲ್ಲದ ಅಡಿಗೆಮನೆಯು ಶಾಸ್ತ್ರಕ್ಕೆ ವಿರುದ್ಧವಲ್ಲವೆಂದಾಯಿತು. ಆದರೂ ಶತಮಾನಗಳ ಕಾಲ ನಮ್ಮ ಅಡಿಗೆಮನೆಗಳು ತಾರ್ಕಿಕರ ದೃಷ್ಟಾಂತಕ್ಕೆ ಒಪ್ಪುವಂತೆಯೇ ಉಳಿದುಬಂದವು. ನಮ್ಮ ತಾಯಂದಿರ ಕಣ್ಣುಗಳೂ ಶ್ವಾಸಕೋಶಗಳೂ ಅದರ ಬೆಲೆಯನ್ನು ತೆತ್ತವು.

ಕಳೆದ ಮಾರ್ಗಶಿರದಲ್ಲಿ ದಾವಣಗೆರೆಗೂ ಅಲ್ಲಿಂದ ಹರಿಹರಕ್ಕೂ ಹೋಗಿಬರುವ ಸಂದರ್ಭವು ನನಗೆ ಒದಗಿತು. ಊರು ನೋಡುವವರು ಗುಡಿ, ಕೆರೆ, ಪೇಟೆಗಳನ್ನು ನೋಡುವುದು ವಾಡಿಕೆ. ನಾನು ಈ ಸಲ ಹೊಗೆಗೂಡುಗಳನ್ನು ನೋಡಿಕೊಂಡು ಬಂದೆನು. ಛಾವಣಿಯ ಮೇಲೆ ನಿಂತು ಯಾರ ಗಮನಕ್ಕೂ ಬಾರದ ಈ ವಸ್ತುವು, ಊರಿನ ಅಭ್ಯುದಯವನ್ನೂ ಮನೆವಾರ್ತೆಯನ್ನೂ ಎಷ್ಟರಮಟ್ಟಿಗೆ ಹೇಳಬಲ್ಲದೆಂಬುದನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ದಾವಣಗೆರೆಯು ಎರೆಭೂಮಿಯ ನಡುವಣ ವ್ಯಾಪಾರದ ಊರು. ಹಿಂದೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಈ ಪಟ್ಟಣವು ೧೯೯೭ರ ಆಗಸ್ಟ್ ೧೫ರಂದು ತನ್ನದೇ ಹೆಸರಿನ ಜಿಲ್ಲೆಗೆ ಮುಖ್ಯಸ್ಥಳವಾಯಿತು. ಸುತ್ತಣ ಹತ್ತಿಯಿಂದ ಇಲ್ಲಿ ಗಿರಣಿಗಳು ಎದ್ದವು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದೂ ಬಂದಿತು. ಗಿರಣಿಯ ಎತ್ತರವಾದ ಇಟ್ಟಿಗೆಯ ಹೊಗೆಗೂಡು ಆಗ ಊರಿನ ಗಡಿಯಾರವಿದ್ದಂತೆ. ಅದರಿಂದ ಹೊಗೆಯೆದ್ದರೆ ಸಾವಿರ ಮನೆಗಳ ಒಲೆ ಉರಿಯುತ್ತದೆಂದು ತಿಳಿಯಬಹುದಾಗಿತ್ತು. ಕಳೆದ ಶತಮಾನದ ಕೊನೆಯ ಹೊತ್ತಿಗೆ ಆ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿಹೋದವು. ಈಗ ಊರಿನ ಹೆಸರನ್ನು ಬೆಣ್ಣೆದೋಸೆಯೂ ಮಂಡಕ್ಕಿಯೂ ಕಾಪಾಡುತ್ತಿವೆ. ಗಿರಣಿಯ ಹೊಗೆಗೂಡು ತಣ್ಣಗಾದ ಮೇಲೂ ತಣ್ಣಗಾಗದೆ ಉಳಿದವುಗಳು ಮಂಡಕ್ಕಿ ಭಟ್ಟಿಯ ಗಿಡ್ಡ ಹೊಗೆಗೂಡುಗಳು.

ಮಂಡಕ್ಕಿ ಭಟ್ಟಿಗಳಿಗಾಗಿ ಇಲ್ಲಿ ಒಂದು ಬಡಾವಣೆಯೇ ಉಂಟು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಅದಕ್ಕೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದಾಗ ಅಕ್ಕಿಯ ಒಳಗಿನ ತೇವವು ಒಮ್ಮೆಲೇ ಆವಿಯಾಗಿ ಕಾಳು ಅರಳುತ್ತದೆ. ಈ ಅರಳುವಿಕೆಗೆ ಬೇಕಾದದ್ದು ಎಡೆಬಿಡದ ಬಿರುಸಾದ ಉರಿ. ಉರುವಲು ಬಹುಮಟ್ಟಿಗೆ ಭತ್ತದ ಹೊಟ್ಟು. ಭತ್ತವೇ ತನ್ನ ಸಿಪ್ಪೆಯಿಂದ ತನ್ನ ತಿರುಳನ್ನು ಅರಳಿಸಿಕೊಳ್ಳುತ್ತದೆಂದರೆ ಮಿತವ್ಯಯಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಹೊಟ್ಟಿನಲ್ಲಿ ಐದರಲ್ಲಿ ಒಂದು ಪಾಲು ಬೂದಿಯೇ ಆಗಿದೆ. ಆ ಬೂದಿಯ ಬಹುಭಾಗವು ಮರಳಿನ ಜಾತಿಯ ಸಿಲಿಕ. ಹೊಗೆಯೊಡನೆ ಮೇಲಕ್ಕೆ ಹಾರುವ ಈ ನುಣ್ಣನೆಯ ಬೂದಿಯು ಹೊಗೆಗೂಡಿನ ಒಳಮೈಗೆ ಅಂಟಿ, ದಿನದಿನಕ್ಕೆ ದಾರಿಯನ್ನು ಕಿರಿದು ಮಾಡುತ್ತದೆ. ದಾರಿ ಕಿರಿದಾದರೆ ಹೊಗೆಯು ಹಿಂದಿರುಗಿ ಕೆಲಸಗಾರರ ಮುಖಕ್ಕೆ ಹೊಡೆಯುತ್ತದೆ.

ಒಂದು ಭಟ್ಟಿಯ ಮುಂದೆ ನಿಂತಾಗ ಅದರ ಹಿರಿಯರು ಹೊರಗೆ ಬಂದರು. ಸುಮಾರು ಎಪ್ಪತ್ತರ ವಯಸ್ಸು. ಹುಬ್ಬಿನ ಕೂದಲಿನ ಮೇಲೂ ಬೂದಿ ಕುಳಿತಿದ್ದಿತು. ನಾನು ಹೊಗೆಗೂಡನ್ನೇ ನೋಡುತ್ತಿದ್ದುದನ್ನು ಕಂಡು ಅವರಿಗೆ ಸೋಜಿಗವಾಯಿತು.

“ಎಲ್ಲಾರೂ ಮಂಡಕ್ಕಿ ನೋಡಾಕ ಬರ್ತಾರ, ನೀವು ಅದರ ಗೂಡು ನೋಡಾಕತ್ತೀರಲ್ಲ ಮೇಷ್ಟ್ರೇ” ಎಂದರು.

“ಅದು ಇಲ್ಲದಿದ್ದರೆ ಮಂಡಕ್ಕಿ ಎಲ್ಲಿಯದು ಸಾಹೇಬರೇ? ಇದನ್ನು ಎಷ್ಟು ವರುಷಕ್ಕೊಮ್ಮೆ ಕಟ್ಟಿಸುತ್ತೀರಿ?” ಎಂದು ಕೇಳಿದೆನು.

“ಕಟ್ಟೋದು ಒಂದೇ ಸಲರೀ. ಮೆತ್ತೋದು ಮಾತ್ರ ವರ್ಷಾ ವರ್ಷಾ. ಮಳಿ ಹಿಡಿಯೋಕಿಂತ ಮುಂಚೆ ಬೆಂಕಿ ಆರಿಸಿ, ಒಳಗಿನ ಮಸಿ ಕೆರೆದು, ಮಣ್ಣು ಮೆತ್ತಬೇಕು. ಒಂದು ವರ್ಷ ಬಿಟ್ರ ಉರಿ ಇಟ್ಟಿಗಿನ ತಿಂತೈತಿ, ಎರಡು ವರ್ಷ ಬಿಟ್ರ ನಮ್ಮನ್ನ ತಿಂತೈತಿ” ಎಂದು ಅವರು ಎದೆಯನ್ನು ಮುಟ್ಟಿ ತೋರಿಸಿದರು. ಆಮೇಲೆ ಕೆಮ್ಮು ಬಂದಿತು. ಮಾತು ಅಲ್ಲಿಗೆ ನಿಂತಿತು.

ಆ ಕೆಮ್ಮನ್ನು ಈ ಬಡಾವಣೆಯ ಅನೇಕ ಮನೆಗಳಲ್ಲಿ ಕೇಳಬಹುದು. ಹೊಟ್ಟು ಸಾಲದಾದಾಗ ಕೆಲವೆಡೆ ಹಳೆಯ ಟಯರುಗಳನ್ನು ಉರಿಸುವರೆಂಬ ದೂರೂ ನಗರದಲ್ಲಿ ಹಲವು ಬಾರಿ ಎದ್ದಿದೆ. ರಬ್ಬರಿನ ಹೊಗೆಗೆ ಯಾವ ಹೊಗೆಗೂಡೂ ಪರಿಹಾರವಲ್ಲ. ಅದನ್ನು ಉರಿಸದೆ ಇರುವುದೊಂದೇ ಮಾರ್ಗ. ೨೦೧೬ರ ಜನವರಿಯಲ್ಲಿ ದಾವಣಗೆರೆಯು ಸ್ಮಾರ್ಟ್ ಸಿಟಿ ಯೋಜನೆಯ ಮೊದಲನೆಯ ಇಪ್ಪತ್ತು ನಗರಗಳ ಪಟ್ಟಿಯಲ್ಲಿ ಸೇರಿದಾಗ, ಈ ಭಟ್ಟಿಗಳ ಪ್ರದೇಶದ ಸುಧಾರಣೆಯ ಮಾತೂ ಅದರಲ್ಲಿ ಬಂದಿತು. ಹೊಸ ಭಟ್ಟಿಗಳು ಬರಲಿ, ಬರುವುದು ಉತ್ತಮ. ಆದರೆ ಹೊಸದು ನಾಳೆ ಹಳೆಯದಾಗುತ್ತದೆ. ಅದನ್ನು ಕೆರೆದು ಮೆತ್ತುವ ಕೈ ಬೇಕೆಂಬುದನ್ನು ಆ ವೃದ್ಧರ ಒಂದು ಮಾತು ಹೇಳಿಬಿಟ್ಟಿತು.

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರುಗಳ ದಾರಿ. ಸೂಳೆಕೆರೆಯಿಂದ ಹರಿದುಬರುವ ಹರಿದ್ರಾ ಹೊಳೆಯು ತುಂಗಭದ್ರೆಯನ್ನು ಸೇರುವ ಸ್ಥಳದಲ್ಲಿ ಈ ಊರು ನೆಲೆಸಿದೆ. ಹಳೆಯ ಮೈಸೂರು ಸೀಮೆಯ ಅಂಚು ಇದು. ಹೊಳೆ ದಾಟಿದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ೧೯೪೧ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾಗಿ ಲೇತು ಯಂತ್ರಗಳಿಂದ ಊರಿನ ಹೆಸರು ದೇಶದಲ್ಲೆಲ್ಲ ಹರಡಿತು; ಅದು ಈಗ ಮುಚ್ಚಿದೆ. ಆಚೆ ದಡದ ಕುಮಾರಪಟ್ಟಣದಲ್ಲಿ ೧೯೭೨ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಎದ್ದಿತು. ಅದರ ಹೊಗೆಗೂಡುಗಳು ಹೊಳೆಯ ಈಚೆಯಿಂದಲೂ ಕಾಣುತ್ತವೆ. ಎತ್ತರದ ಹೊಗೆಗೂಡು ಹೊಗೆಯನ್ನು ಇಲ್ಲವಾಗಿಸುವುದಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಅದು ಹೊಗೆಯನ್ನು ಮೇಲಿನ ಗಾಳಿಗೆ ಒಪ್ಪಿಸಿ, ದೂರಕ್ಕೆ ತೆಳ್ಳಗೆ ಹರಡುತ್ತದೆ, ಅಷ್ಟೆ.

ಕಾರ್ಖಾನೆಗಳ ಮಾತು ಹಾಗಿರಲಿ. ಮನೆಯ ಹೊಗೆಗೂಡನ್ನು ನೋಡಬೇಕೆಂದು ನಾನು ಹರಿಹರದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನನ್ನು ಹುಡುಕಿಕೊಂಡು ಹೋದೆನು. ಅವನು ಗಾರೆ ಕೆಲಸದ ಮೇಸ್ತ್ರಿ. ಆ ದಿನ ಒಂದು ಮನೆಯ ಬಚ್ಚಲೊಲೆಯ ಹೊಗೆಕೊಳವೆಯನ್ನು ಸರಿಪಡಿಸುತ್ತಿದ್ದನು. ೨೦೧೬ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಆರಂಭವಾದಂದಿನಿಂದ ಬಡವರ ಅಡಿಗೆಮನೆಗಳಿಗೂ ಅನಿಲದ ಸಿಲಿಂಡರು ಬಂದಿದೆ. ಆದರೆ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಅಡಿಗೆಮನೆಯಿಂದ ಹೊರಟ ಸೌದೆಯು ಬಚ್ಚಲಲ್ಲಿ ಬಂದು ನಿಂತಿದೆ. ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಗೋಡೆಯೊಳಗಿಂದ ಮಾಡಿನ ಮೇಲಕ್ಕೆ ಹೊಗೆಯ ಕೊಳವೆ. ಮಾರ್ಗಶಿರ-ಪುಷ್ಯಗಳ ಚಳಿಯಲ್ಲಿ ಬೆಳಗಿನ ಜಾವಕ್ಕೆ ಆ ಒಲೆಗೆ ಉರಿ ಹಾಕದ ಮನೆಯಿಲ್ಲ.

“ಗುರುಗಳೇ, ಈ ಮನೆ ಅಮ್ಮನೋರು ಮೂರು ತಿಂಗಳಿಂದ ತಲೆನೋವು ಅಂತಿದ್ರು. ಡಾಕ್ಟರ ಹತ್ರ ಹೋಗಿ ಗುಳಿಗೆ ತಂದ್ರು. ಕೊಳವೆ ಬಿಚ್ಚಿ ನೋಡಿದ್ರೆ ಪಾರಿವಾಳದ ಗೂಡು!” ಎಂದು ಅವನು ನಕ್ಕನು. ಒಳಮೈಯ ಮಣ್ಣು ಉದುರಿ ಅರ್ಧ ದಾರಿ ಮುಚ್ಚಿತ್ತು. ಉಳಿದರ್ಧವನ್ನು ಹಕ್ಕಿ ಮುಚ್ಚಿತ್ತು. ಚಳಿಯೆಂದು ಬಚ್ಚಲಿನ ಕಿಟಕಿಯನ್ನೂ ಹಾಕಿಕೊಂಡಿದ್ದರು. ನಗುವ ಮಾತಲ್ಲ ಇದು. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಇಂಗಾಲದ ಮೊನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಅದು ಕಸಿದುಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ಆಮೇಲೆ ಮಂಪರು, ಕೊನೆಗೆ ಮರಣ. ತರ್ಕಶಾಸ್ತ್ರದ ಬಾಲಕನಿಗೆ ಇಲ್ಲಿ ಕಷ್ಟವುಂಟು: ಈ ವಿಷಕ್ಕೆ ಕಣ್ಣಿಗೆ ಕಾಣುವ ಲಿಂಗವೇ ಇಲ್ಲ.

ಶಿಷ್ಯನು ಕೆಲಸ ಮಾಡುವುದನ್ನು ನೋಡುತ್ತ ಕುಳಿತು ನಾನು ಅವನಿಂದ ಪಾಠ ಕಲಿತೆನು. ಹುತ್ತದ ಮಣ್ಣನ್ನು ಜರಡಿ ಹಿಡಿದು, ಅದಕ್ಕೆ ನುಣ್ಣಗಿನ ಹೊಟ್ಟನ್ನೂ ಸಗಣಿಯನ್ನೂ ಕೂಡಿಸಿ, ನೀರು ಹಾಕಿ ತುಳಿದು, ಮೂರು ನಾಲ್ಕು ದಿನ ಕೊಳೆಯಲು ಬಿಡಬೇಕು. ಬರಿಯ ಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ನಾರು ಸೇರಿದರೆ ಬಿರುಕು ಕಡಿಮೆ. ಹಳೆಯ ಮಸಿಯನ್ನು ಪೂರ್ತಿಯಾಗಿ ಕೆರೆದು, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಒಂದು ಲೇಪ. ಅದು ಆರಿದ ಮೇಲೆ ಇನ್ನೊಂದು. ಎರಡನೆಯ ಲೇಪವೂ ತಾನಾಗಿ ಒಣಗಿದ ಬಳಿಕ ಸಣ್ಣ ಉರಿ ಹಾಕಿ ಕಾಯಿಸಬೇಕು. ಮೊದಲ ದಿನವೇ ದೊಡ್ಡ ಬೆಂಕಿ ಕೂಡದು. ಬೇಗ ಮುಗಿಯಲೆಂದು ಸಿಮೆಂಟಿನ ಗಿಲಾವು ಮಾಡುವವರು ಹೆಚ್ಚುತ್ತಿದ್ದಾರೆ. ಒಲೆಯ ಬಾಯಿಯ ಹತ್ತಿರದ ತಾಪಕ್ಕೆ ಸಿಮೆಂಟು ತನ್ನ ಬಂಧವನ್ನು ಕಳೆದುಕೊಂಡು ಸೀಳುತ್ತದೆ. ಆ ಸೀಳಿನೊಳಗಿಂದ ಉರಿಯು ಗೋಡೆಯ ಒಳಗಿನ ಮರಕ್ಕೆ ಮುಟ್ಟುವುದೂ ಉಂಟು.

ಈ ಮಣ್ಣು-ಸಗಣಿಯ ಲೇಪವನ್ನು ಹಳ್ಳಿಗಾಡಿನ ಪದ್ಧತಿಯೆಂದು ಯಾರೂ ಹೀಗಳೆಯಬಾರದು. ಚಳಿಯ ದೇಶವಾದ ಇಂಗ್ಲೆಂಡಿನಲ್ಲಿಯೂ ಶತಮಾನಗಳ ಕಾಲ ಮನೆಯ ಹೊಗೆಗೂಡಿನ ಒಳಮೈಗೆ ಸುಣ್ಣದ ಗಾರೆಯಲ್ಲಿ ಸಗಣಿಯನ್ನು ಕಲಸಿಯೇ ಬಳಿಯುತ್ತಿದ್ದರು. ಹರಿಹರದ ಮೇಸ್ತ್ರಿಯೂ ಲಂಡನ್ನಿನ ಮೇಸ್ತ್ರಿಯೂ ಒಬ್ಬರನ್ನೊಬ್ಬರು ಕಾಣದೆ ಒಂದೇ ತೀರ್ಮಾನಕ್ಕೆ ಬಂದಿದ್ದರೆಂಬುದು ಚಿಂತಿಸತಕ್ಕ ಸಂಗತಿ.

ಆದರೆ ಶೀತದೇಶದ ಹೊಗೆಗೂಡಿಗೆ ನಮ್ಮದಕ್ಕಿಂತ ಸಂಕಟ ಹೆಚ್ಚು. ಅಲ್ಲಿ ಬೆಂಕಿಯು ಅಡಿಗೆಗೆ ಮಾತ್ರವಲ್ಲದೆ ಪ್ರಾಣರಕ್ಷಣೆಗೂ ಬೇಕು, ತಿಂಗಳುಗಟ್ಟಲೆ ಆರುವುದಿಲ್ಲ. ಮೇಲಿನ ಕೊಳವೆಯು ಹಿಮದ ಗಾಳಿಗೆ ತಣ್ಣಗಿರುವುದರಿಂದ, ಸೌದೆಯ ಹೊಗೆಯು ಅಲ್ಲಿ ಮುಟ್ಟಿದೊಡನೆ ಬೆವರಿ, ಡಾಂಬರಿನಂತಹ ಅಂಟು ಜಿಡ್ಡಾಗಿ ಒಳಮೈಗೆ ಹತ್ತುತ್ತದೆ. ಒಂದು ದಿನ ಆ ಜಿಡ್ಡಿಗೇ ಬೆಂಕಿ ತಗುಲಿದರೆ ಹೊಗೆಗೂಡು ಗುಡುಗಿನಂತೆ ಮೊರೆಯುತ್ತ ಉರಿಯುತ್ತದೆ. ಇತ್ತ ಇಟ್ಟಿಗೆಯು ಹೀರಿದ ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗಿ ಇಟ್ಟಿಗೆಯನ್ನು ಒಳಗಿನಿಂದ ಒಡೆಯುತ್ತದೆ. ಆದಕಾರಣ ಅಲ್ಲಿ ಒಳಗವಚದ ವಿಷಯದಲ್ಲಿ ಬಹಳ ಎಚ್ಚರ. ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಮೇಲೊಂದು ಕೂರಿಸುವುದು ಒಂದು ವಿಧ. ತುಕ್ಕು ಹಿಡಿಯದ ಉಕ್ಕಿನ ಬಾಗುವ ಕೊಳವೆಯನ್ನು ಮೇಲಿನಿಂದ ಇಳಿಬಿಡುವುದು ಇನ್ನೊಂದು. ಹಳೆಯ ಗೂಡಿನೊಳಗೆ ಉದ್ದನೆಯ ರಬ್ಬರಿನ ಚೀಲವನ್ನು ಊದಿ ನಿಲ್ಲಿಸಿ, ಸುತ್ತಲೂ ತಾಪ ತಡೆಯುವ ಗಾರೆಯನ್ನು ತುಂಬಿ, ಗಟ್ಟಿಯಾದ ಮೇಲೆ ಚೀಲವನ್ನು ತೆಗೆಯುವುದು ಮತ್ತೊಂದು. ಗೂಡಿನ ಎತ್ತರಕ್ಕೂ ಅಮೆರಿಕದಲ್ಲಿ ಲೆಕ್ಕವುಂಟು: ಮಾಡನ್ನು ದಾಟಿದಲ್ಲಿಂದ ಕನಿಷ್ಠ ೩ ಅಡಿ, ಹತ್ತು ಅಡಿಯ ಒಳಗಿರುವ ಯಾವುದೇ ಎತ್ತರಕ್ಕಿಂತ ೨ ಅಡಿ ಮೇಲಿರಬೇಕು. ಇಲ್ಲವಾದರೆ ಮಾಡಿಗೆ ಬಡಿದು ಸುಳಿಯುವ ಗಾಳಿಯು ಹೊಗೆಯನ್ನು ಕೆಳಕ್ಕೆ ಒತ್ತುತ್ತದೆ.

ಈ ಎಚ್ಚರವು ಅವರಿಗೆ ಸುಲಭವಾಗಿ ಬಂದುದಲ್ಲ. ಇಂಗ್ಲೆಂಡಿನಲ್ಲಿ ಹಿಂದೆ ಬಡವರ ಎಳೆಯ ಮಕ್ಕಳನ್ನು ಕಿರಿದಾದ ಗೂಡುಗಳೊಳಗೆ ಹತ್ತಿಸಿ ಮಸಿ ತೆಗೆಸುತ್ತಿದ್ದರು. ಆ ಕಸಬಿನವರಿಗೆ ಬರುತ್ತಿದ್ದ ಒಂದು ಬಗೆಯ ಅರ್ಬುದಕ್ಕೆ ಮಸಿಯೇ ಕಾರಣವೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು ೧೭೭೫ರಲ್ಲಿ ತೋರಿಸಿಕೊಟ್ಟನು. ಹಾಗಿದ್ದರೂ ಮಕ್ಕಳನ್ನು ಗೂಡು ಹತ್ತಿಸುವುದು ನಿಜವಾಗಿ ನಿಲ್ಲಲು ಮತ್ತೆ ನೂರು ವರುಷ, ಅಂದರೆ ೧೮೭೫ರ ಕಾನೂನಿನವರೆಗೆ, ಕಾಯಬೇಕಾಯಿತು. ಜರ್ಮನಿಯಲ್ಲಿ ಇಂದಿಗೂ ಮನೆಯವರು ಗೊತ್ತಾದ ಅವಧಿಗೆ ಹೊಗೆಗೂಡನ್ನು ಪರೀಕ್ಷೆ ಮಾಡಿಸುವುದು ಕಾನೂನಿನ ಕಟ್ಟಳೆ. ಹೊಸ ವರುಷದ ದಿನ ಮಸಿಬಟ್ಟೆಯ ಗೂಡುಗುಡಿಸುವವನು ಎದುರಾದರೆ ಶುಭಶಕುನವೆಂದು ಅಲ್ಲಿಯ ಜನರ ನಂಬಿಕೆ. ನಮ್ಮಲ್ಲಿ ಮಸಿಮುಖದ ಕೆಲಸಗಾರನನ್ನು ಶುಭವೆಂದು ಎಣಿಸುವವರು ಎಷ್ಟು ಮಂದಿ? ಭಟ್ಟಿಯ ಆ ವೃದ್ಧರ ಮುಖವು ನನ್ನ ಕಣ್ಣ ಮುಂದೆ ಬಂದಿತು.

ನಮ್ಮ ದೇಶದಲ್ಲಿಯೂ ಹೊಗೆಗೂಡಿನ ಒಲೆಗಾಗಿ ಪ್ರಯತ್ನ ನಡೆಯದೆ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಹುಟ್ಟಿದ ಅಸ್ತ್ರ ಎಂಬ ವಿಭಾಗವು ಸೌದೆ ಉಳಿಸುವ, ಹೊಗೆಯನ್ನು ಹೊರಕ್ಕೆ ಕಳುಹಿಸುವ ಅಸ್ತ್ರ ಒಲೆಯನ್ನು ನಿರ್ಮಿಸಿ ಕನ್ನಡನಾಡಿನ ಹಳ್ಳಿಗಳಿಗೆ ಕೊಟ್ಟಿತು. ಭಾರತ ಸರ್ಕಾರವು ೧೯೮೫ರಿಂದ ೨೦೦೨ರವರೆಗೆ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ನಡೆಸಿ, ಮೂರು ಕೋಟಿಗೂ ಮಿಕ್ಕಿ ಒಲೆಗಳನ್ನು ಹಂಚಿತು. ಅವುಗಳಲ್ಲಿ ಅನೇಕವು ಕೆಲವೇ ವರುಷಗಳಲ್ಲಿ ಮೂಲೆ ಸೇರಿದವು. ಕಾರಣವೇನು? ರೇಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕಲ್ ಗ್ರೀನ್‌ಸ್ಟೋನ್ ಎಂಬ ವಿದ್ವಾಂಸರು ಒಡಿಶಾದ ಹಳ್ಳಿಗಳಲ್ಲಿ ಇಂತಹ ಒಲೆಗಳನ್ನು ನಾಲ್ಕು ವರುಷಗಳವರೆಗೆ ಗಮನಿಸಿದರು. ಮೊದಲನೆಯ ವರುಷ ಹೆಂಗಸರು ಸೇವಿಸುವ ಹೊಗೆ ಕಡಿಮೆಯಾಯಿತು; ಆಮೇಲೆ ಆ ಲಾಭವು ಕಾಣದೆ ಹೋಯಿತು. ಜನರು ಒಲೆಯನ್ನು ಕ್ರಮವಾಗಿ ಬಳಸಲಿಲ್ಲ. ಬಿರುಕನ್ನು ಮುಚ್ಚಿ ಕೊಳವೆಯನ್ನು ಶುಚಿ ಮಾಡುವ ಕೆಲಸವು ಬರಬರುತ್ತ ನಿಂತುಹೋಯಿತು. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನರು ಮೃತರಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೆರೆಯದೆ ಬಿಟ್ಟ ಮಸಿಯ ಹಿಂದೆ ಎಷ್ಟು ದೊಡ್ಡ ಲೆಕ್ಕವಿದೆಯೆಂಬುದನ್ನು ವಾಚಕರೇ ನೋಡಲಿ.

ಸಂಜೆ ಹರಿಹರೇಶ್ವರನ ಗುಡಿಗೆ ಹೋದೆನು. ಹೊಯ್ಸಳರ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ದೇವಾಲಯವಿದು. ಅರ್ಧ ಶಿವನಾಗಿ ಅರ್ಧ ವಿಷ್ಣುವಾಗಿ ನಿಂತ ಮೂರ್ತಿಯ ಮುಂದೆ ಎಂಟುನೂರು ವರುಷಗಳಿಂದ ದೀಪವು ಉರಿಯುತ್ತ ಬಂದಿದೆ. ಇಷ್ಟು ಕಾಲ ಕಲ್ಲಿನ ಕಟ್ಟಡವು ಸುಮ್ಮನೆ ನಿಲ್ಲುವುದಿಲ್ಲ. ನಮ್ಮ ನಾಡಿನ ಶಾಸನಗಳನ್ನು ಓದಿದವರು ದೇವಾಲಯಗಳಿಗೆ ಬಿಟ್ಟ ದತ್ತಿಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಮಾತನ್ನು ಮತ್ತೆ ಮತ್ತೆ ಕಂಡಿರಬಹುದು. ಮುರಿದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆ ಎಂದು ಅದರ ಅರ್ಥ. ಪೂಜೆಗೆ, ನೈವೇದ್ಯಕ್ಕೆ, ನಂದಾದೀಪಕ್ಕೆ ಭೂಮಿ ಬಿಡುವಾಗಲೇ ಮುಂದೆ ಬರಲಿರುವ ಬಿರುಕಿಗೂ ಒಂದು ಪಾಲನ್ನು ತೆಗೆದಿಡುತ್ತಿದ್ದರು. ಕಟ್ಟುವ ದಿನವೇ ಬಿರುಕನ್ನು ನೆನೆಯುವುದು ಅಪಶಕುನವೆಂದು ಅವರು ತಿಳಿಯಲಿಲ್ಲ.

ಯೋಗಕ್ಷೇಮವೆಂದು ನಾವು ದಿನವೂ ಕಾಗದದಲ್ಲಿ ಬರೆಯುವ ಮಾತಿನಲ್ಲಿಯೂ ಇದೇ ಅರ್ಥವಿದೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡುವುದು ಕ್ಷೇಮ. ನಮ್ಮ ಕಾಲದಲ್ಲಿ ಯೋಗಕ್ಕೆ ಉತ್ಸವ ಹೆಚ್ಚು. ಗೃಹಪ್ರವೇಶಕ್ಕೆ ನೂರು ಜನ ಬರುತ್ತಾರೆ. ಕ್ಷೇಮಕ್ಕೆ ಉತ್ಸವವಿಲ್ಲ, ಹೊಗೆಕೊಳವೆಯನ್ನು ಕೆರೆದ ದಿನ ಯಾರೂ ತಾಂಬೂಲ ಹಂಚುವುದಿಲ್ಲ. ಆದರೂ ಮನೆಯವರ ಉಸಿರು ನಿಂತಿರುವುದು ಈ ಎರಡನೆಯದರ ಮೇಲೆ.

ಬಚ್ಚಲೊಲೆಯುಳ್ಳ ಮನೆಯವರ ಉಪಯೋಗಕ್ಕಾಗಿ ಕೆಲವು ಮಾತುಗಳನ್ನು ಇಲ್ಲಿ ಬರೆದಿಡುತ್ತೇನೆ. ವರುಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ಚಳಿಗೆ ಮುಂಚೆ ಒಮ್ಮೆ, ಕೊಳವೆಯ ಮಸಿಯನ್ನು ತೆಗೆಸತಕ್ಕದ್ದು. ಒಲೆಯ ಬಾಯಿಯಲ್ಲಿ ಒಂದು ಕಾಗದವನ್ನು ಹೊತ್ತಿಸಿದರೆ ಅದರ ಹೊಗೆ ಒಳಕ್ಕೆ ಎಳೆಯಬೇಕು. ಹೊರಕ್ಕೆ ಬಂದರೆ ದಾರಿ ಕಟ್ಟಿದೆಯೆಂದು ತಿಳಿಯಬೇಕು. ತುದಿಗೆ ಮಳೆಯೂ ಹಕ್ಕಿಯೂ ಇಳಿಯದಂತೆ ಟೋಪಿಯನ್ನೂ ಜಾಲರಿಯನ್ನೂ ಹಾಕಿಸಬೇಕು. ಹಸಿ ಸೌದೆಯನ್ನು ಉರಿಸಬಾರದು. ಪ್ಲಾಸ್ಟಿಕ್ಕನ್ನಂತೂ ಒಲೆಗೆ ತೋರಿಸಲೂ ಕೂಡದು. ಹಳೆಯ ಕಲ್ನಾರಿನ ಸಿಮೆಂಟು ಕೊಳವೆಯಾದರೆ ಅದನ್ನು ಗರಗಸದಿಂದ ಕೊಯ್ಯುವುದೂ ಒಣಗಿರುವಾಗ ಕೆರೆಯುವುದೂ ಅಪಾಯ. ಅದರ ಧೂಳು ಶ್ವಾಸಕೋಶಕ್ಕೆ ವೈರಿ. ಕೊಳವೆಯೊಳಗೆ ಬೆಂಕಿ ಹೊತ್ತಿ ಮೊರೆದರೆ ಮೇಲಿನಿಂದ ನೀರು ಸುರಿಯದೆ, ಒಲೆಯ ಬಾಯಿಯನ್ನು ಮುಚ್ಚಿ, ಮನೆಯವರನ್ನು ಹೊರಗೆ ಕರೆದುಕೊಂಡು, ಅಗ್ನಿಶಾಮಕ ದಳದವರಿಗೆ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟೇ ಚಳಿಯಿರಲಿ, ಬಚ್ಚಲಿನ ಕಿಟಕಿಯು ಎರಡು ಬೆರಳಷ್ಟಾದರೂ ತೆರೆದಿರಲಿ.

ಮಾಡಿನ ಮೇಲೆ ಹತ್ತಿ ಮಸಿ ಕೆರೆಯುವವನಿಗೆ ಕೂಲಿಯೊಡನೆ ಮೂಗಿಗೆ ಕಟ್ಟಿಕೊಳ್ಳಲು ಒಂದು ಒದ್ದೆಬಟ್ಟೆಯನ್ನೂ, ಕೆಲಸ ಮುಗಿದ ಮೇಲೆ ಅದೇ ಹಂಡೆಯಿಂದ ಒಂದು ಬಕೀಟು ಬಿಸಿನೀರನ್ನೂ ಕೊಡಿರಿ. ನೀವು ನಾಳೆ ಬೆಳಿಗ್ಗೆ ಕೆಮ್ಮದೆ ಸ್ನಾನ ಮಾಡುವುದಕ್ಕೆ ಅವನು ಕಾರಣನು.